ಗಡ್ಡೆಯ ಆಮ್ಲೀಯತೆ: ಎಂಆರ್‌ಐ ಹೇಳುವ ಪಿಎಚ್ ಯಾವ ಜಾಗದ್ದು?

ಕಾಂತಸೂಜಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಒಂಬತ್ತು ವರ್ಷಗಳಿಂದ ಎಂಆರ್‌ಐ ಟೆಕ್ನಿಷಿಯನ್ ಆಗಿದ್ದೇನೆ. ನಮ್ಮಲ್ಲಿರುವುದು 1.5 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರ. ಮುಂದಿನ ತಿಂಗಳು ಇಮೇಜಿಂಗ್ ಟೆಕ್ನಾಲಜಿ ಓದುತ್ತಿರುವ ಮಕ್ಕಳ ಮುಂದೆ ಒಂದು ತಾಸು ಮಾತನಾಡಬೇಕಾಗಿದ್ದು, ಕ್ಯಾನ್ಸರ್ ಗಡ್ಡೆಯ ಆಮ್ಲೀಯತೆಯನ್ನು ಎಂಆರ್ ವಿಧಾನಗಳಿಂದ ಚಿತ್ರಿಸುವ ವಿಷಯವನ್ನು ನಾನೇ ಆರಿಸಿಕೊಂಡೆ. ಆರಿಸಿಕೊಂಡ ಮೇಲೆ ತೊಡಕು ಶುರುವಾಯಿತು.

ಗಡ್ಡೆಯ ಜೀವಕೋಶಗಳು ಆಮ್ಲಜನಕ ಇದ್ದಾಗಲೂ ಗ್ಲೂಕೋಸನ್ನು ಹೆಚ್ಚಾಗಿ ಲ್ಯಾಕ್ಟಿಕ್ ಆಮ್ಲದ ದಾರಿಯಲ್ಲೇ ಒಡೆಯುತ್ತವೆ ಎಂದು ಆಟೋ ವಾರ್ಬರ್ಗ್ 1920ರ ದಶಕದಲ್ಲಿ ತೋರಿಸಿದ ಸಂಗತಿ ನನಗೆ ಗೊತ್ತು. ಹೀಗಾಗಿ ಗಡ್ಡೆ ಹುಳಿಯಾಗಿರಬೇಕು ಎಂಬುದು ಸಹಜವಾದ ನಿರೀಕ್ಷೆ. ಸೂಜಿಯಂತಹ ಎಲೆಕ್ಟ್ರೋಡ್ ಚುಚ್ಚಿ ಅಳೆದವರಿಗೆ ಅನೇಕ ಗಡ್ಡೆಗಳಲ್ಲಿ 6.5ರಿಂದ 6.9ರವರೆಗಿನ ಪಿಎಚ್ ಸಿಕ್ಕಿದೆ. ಆದರೆ ರಂಜಕ-31 ಸ್ಪೆಕ್ಟ್ರೋಸ್ಕೋಪಿಯಿಂದ, ಅಂದರೆ ರಂಜಕ (ಫಾಸ್ಫರಸ್) ಪರಮಾಣುಗಳ ಎಂಆರ್ ಸಂಕೇತವನ್ನು ಆವೃತ್ತಿಗೆ ತಕ್ಕಂತೆ ಶಿಖರಗಳಾಗಿ ಬಿಡಿಸಿ, ಅಳೆದವರಿಗೆ ಅಂಥವೇ ಗಡ್ಡೆಗಳಲ್ಲಿ 7.2 ಅಥವಾ ಅದಕ್ಕೂ ಮೇಲಿನ ಅಂಕಿ ಬಂದಿದೆ. ಒಂದು ಹುಳಿ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ವಿದ್ಯಾರ್ಥಿಗಳು ಯಾವುದು ಸರಿ ಎಂದು ಕೇಳಿದರೆ ನಾನು ಏನು ಹೇಳಲಿ?

ಎರಡನೆಯ ಪ್ರಶ್ನೆ ನನ್ನ ಕುತೂಹಲದ್ದು. ಸಿಟಿ ಸ್ಕ್ಯಾನ್‌ಗೆ ಬಳಸುವ ಅಯೋಪಮಿಡಾಲ್ ಎಂಬ, ಚಿತ್ರ ಎದ್ದು ಕಾಣಲೆಂದು ಚುಚ್ಚುವ ಅಯೋಡಿನ್ ಕಾಂಟ್ರಾಸ್ಟ್‌ನಿಂದಲೇ ಎಂಆರ್‌ಐನಲ್ಲಿ ಪಿಎಚ್ ನಕ್ಷೆ ತೆಗೆಯಬಹುದಂತೆ. ಆ ಬಾಟಲಿಗಳು ನಮ್ಮ ಪಕ್ಕದ ಕೋಣೆಯ ಕಪಾಟಿನಲ್ಲೇ ಇವೆ. 1.5 ಟೆಸ್ಲಾದಲ್ಲಿ ಅದು ಸಾಧ್ಯವೇ? ರೋಗಿಗಳ ಮೇಲೆ ಮಾಡುವ ಮಾತಲ್ಲ. ಟೆಸ್ಟ್ ಟ್ಯೂಬ್‌ಗಳಲ್ಲಿ ತೋರಿಸಬಹುದೇ ಎಂದಷ್ಟೇ ಕೇಳುತ್ತಿದ್ದೇನೆ.

ಲಂಬಕೋನ, ಬೆಳಗಾವಿ

ನಿಮ್ಮ ಮೊದಲ ಪ್ರಶ್ನೆಯಲ್ಲಿ ಒಂದು ಪದ ಬಿಟ್ಟುಹೋಗಿದೆ, ತೊಡಕೆಲ್ಲ ಅಲ್ಲಿಂದಲೇ ಹುಟ್ಟಿದೆ. ‘ಗಡ್ಡೆಯ ಪಿಎಚ್’ ಎಂಬ ಒಂದೇ ಅಂಕಿ ಇಲ್ಲ. ಜೀವಕೋಶದ ಒಳಗಿನದು ಒಂದು, ಹೊರಗಿನದು ಇನ್ನೊಂದು. ನೀವು ಹೇಳಿದ ಎರಡೂ ಅಳತೆಗಳು ಸರಿಯಾಗಿಯೇ ಇವೆ; ಅವು ಬೇರೆ ಬೇರೆ ಜಾಗದವು.

ಕ್ಯಾನ್ಸರ್ ಜೀವಕೋಶ ತನ್ನೊಳಗೆ ಹುಟ್ಟಿದ ಆಮ್ಲವನ್ನು ಒಳಗೆ ಉಳಿಸಿಕೊಂಡರೆ ಬದುಕುವುದಿಲ್ಲ. ಮನೆಯನ್ನು ಗುಡಿಸಿ ಕಸವನ್ನೆಲ್ಲ ಓಣಿಗೆ ಸುರಿಯುವವರಂತೆ ಅದು ಪ್ರೋಟಾನುಗಳನ್ನು (ಆಮ್ಲೀಯತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳನ್ನು) ಹೊರಕ್ಕೆ ತಳ್ಳುತ್ತದೆ. ಸೋಡಿಯಂ ಒಳಗೆ ತಂದು ಪ್ರೋಟಾನನ್ನು ಹೊರಹಾಕುವ ಎನ್‌ಎಚ್‌ಇ1, ಲ್ಯಾಕ್ಟೇಟ್ ಜೊತೆಗೆ ಪ್ರೋಟಾನನ್ನು ದಾಟಿಸುವ ಎಂಸಿಟಿ4, ಜೀವಕೋಶದ ಹೊರಮೈಯಲ್ಲಿ ಕುಳಿತು ಇಂಗಾಲದ ಡೈಆಕ್ಸೈಡನ್ನು ಬೈಕಾರ್ಬನೇಟ್ ಮತ್ತು ಪ್ರೋಟಾನ್ ಆಗಿ ಮಾರ್ಪಡಿಸುವ ಕಾರ್ಬಾನಿಕ್ ಅನ್‌ಹೈಡ್ರೇಸ್ 9, ಈ ಪ್ರೋಟೀನುಗಳೆಲ್ಲ ಆ ಕೆಲಸದಲ್ಲಿ ತೊಡಗಿರುತ್ತವೆ. ಹೊರಗೆ ಬಿದ್ದ ಆಮ್ಲವನ್ನು ತೊಳೆದು ಒಯ್ಯಬೇಕಾದ ರಕ್ತನಾಳಗಳು ಗಡ್ಡೆಯಲ್ಲಿ ಅಂಕುಡೊಂಕಾಗಿ, ಸೋರುತ್ತಾ, ಕೆಲವೆಡೆ ಮುಚ್ಚಿಕೊಂಡು ಇರುವುದರಿಂದ ಓಣಿಯಲ್ಲಿ ಕಸ ಬಿದ್ದೇ ಇರುತ್ತದೆ. ಆರೋಗ್ಯವಂತ ಅಂಗಾಂಶದಲ್ಲಿ ಹೊರಗಿನ ಪಿಎಚ್ ಸುಮಾರು 7.4 ಇದ್ದು ಒಳಗಿನದು ಅದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಗಡ್ಡೆಯಲ್ಲಿ ಇದು ತಿರುವುಮುರುವಾಗುತ್ತದೆ. ಒಂದು ಮಾತು ಸೇರಿಸಬೇಕು: ಆಮ್ಲವೆಲ್ಲ ಲ್ಯಾಕ್ಟಿಕ್ ಆಮ್ಲದಿಂದಲೇ ಬಂದದ್ದಲ್ಲ. ಗ್ಲೂಕೋಸ್ ಒಡೆಯುವ ಸಾಮರ್ಥ್ಯ ಕುಂದಿದ ಜೀವಕೋಶಗಳಿಂದ ಬೆಳೆದ ಗಡ್ಡೆಗಳೂ ಆಮ್ಲೀಯವಾಗಿಯೇ ಇದ್ದವೆಂದು 1993ರಲ್ಲಿ ಪ್ರಯೋಗದಿಂದ ತಿಳಿದುಬಂತು. ಆದ್ದರಿಂದ ಸ್ಪೆಕ್ಟ್ರಂನಲ್ಲಿ ಲ್ಯಾಕ್ಟೇಟ್ ಶಿಖರ ಎತ್ತರವಾಗಿದೆ ಎಂದು ತೋರಿಸಿ, ಇದೇ ಆಮ್ಲೀಯತೆ ಎಂದು ಮಕ್ಕಳಿಗೆ ಹೇಳಬೇಡಿ.

ಈಗ ಎರಡು ಅಳತೆಗಳಿಗೆ ಬರೋಣ. ಎಲೆಕ್ಟ್ರೋಡಿನ ತುದಿ ಒಂದು ಜೀವಕೋಶಕ್ಕಿಂತ ಬಹಳ ದಪ್ಪ. ಅದು ಜೀವಕೋಶಗಳ ನಡುವಿನ ದ್ರವದಲ್ಲಿ ನಿಂತು ಓಣಿಯ ಪಿಎಚ್ ಓದುತ್ತದೆ. ರಂಜಕ-31 ವಿಧಾನದಲ್ಲಿ ನಾವು ನೋಡುವುದು ಅಜೈವಿಕ ಫಾಸ್ಫೇಟಿನ ಶಿಖರವನ್ನು. ಈ ಫಾಸ್ಫೇಟ್ ಎರಡು ರೂಪಗಳ ನಡುವೆ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ, ಅದರ ಪಿಕೆಎ (ಎರಡೂ ರೂಪಗಳು ಸಮನಾಗಿರುವ ಪಿಎಚ್) ಸುಮಾರು 6.75. ಹೀಗಾಗಿ ಶಿಖರದ ಸ್ಥಾನ ಪಿಎಚ್‌ಗೆ ತಕ್ಕಂತೆ ಸರಿಯುತ್ತದೆ. ಇದನ್ನು ರಕ್ತಕಣಗಳಲ್ಲಿ ಮೊದಲು ತೋರಿಸಿದವರು ಮೂನ್ ಮತ್ತು ರಿಚರ್ಡ್ಸ್, 1973ರಲ್ಲಿ. ಫಾಸ್ಫೇಟಿನ ಬಹುಪಾಲು ಜೀವಕೋಶದ ಒಳಗೇ ಇರುವುದರಿಂದ ಅದು ಹೇಳುವುದು ಮನೆಯೊಳಗಿನ ಸುದ್ದಿ. ಹೊರಗಿನದನ್ನೂ ಇದೇ ಸ್ಪೆಕ್ಟ್ರಂನಲ್ಲಿ ನೋಡಬೇಕೆಂದು 1990ರ ದಶಕದಲ್ಲಿ ಜೀವಕೋಶದೊಳಗೆ ಹೋಗದ 3-ಅಮೈನೋಪ್ರೊಪೈಲ್ ಫಾಸ್ಫೋನೇಟ್ ಎಂಬ ವಸ್ತುವನ್ನು ಇಲಿಗಳಿಗೆ ಕೊಟ್ಟು ಅಳೆದರು. ಒಂದೇ ಗಡ್ಡೆಯಲ್ಲಿ ಒಳಗೂ ಹೊರಗೂ ಬೇರೆ ಬೇರೆ ಅಂಕಿ ಒಟ್ಟಿಗೇ ಸಿಕ್ಕಿದ್ದು ಆಗ. ನಿಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರವಿಲ್ಲ.

ಈ ವಿಧಾನದ ಬಡತನವೆಂದರೆ ಸಂಕೇತ. ರಂಜಕದ ಸಂವೇದನೆ ಹೈಡ್ರೋಜನ್ನಿನ ಶೇ 7ಕ್ಕಿಂತ ಕಡಿಮೆ, ಅಂಗಾಂಶದಲ್ಲಿ ಅದರ ಸಾಂದ್ರತೆಯಂತೂ ನೀರಿನ ಮುಂದೆ ಲೆಕ್ಕಕ್ಕೇ ಇಲ್ಲ. 3 ಟೆಸ್ಲಾದಲ್ಲಿ ರಂಜಕದ ಆವೃತ್ತಿ ಸುಮಾರು 51.7 ಮೆಗಾಹರ್ಟ್ಸ್, ಪಿಎಚ್ 7.0ರಿಂದ 7.2ಕ್ಕೆ ಏರಿದರೆ ಶಿಖರ ಸರಿಯುವುದು ಸುಮಾರು 12 ಹರ್ಟ್ಸ್ ಮಾತ್ರ. ಅಷ್ಟನ್ನು ನೆಚ್ಚಿಕೊಳ್ಳಬೇಕಾದರೆ ಹಲವು ಘನ ಸೆಂಟಿಮೀಟರ್ ಜಾಗದ ಸಂಕೇತವನ್ನು ಒಟ್ಟುಗೂಡಿಸಬೇಕು. ಅದನ್ನು ಚಿತ್ರ ಎನ್ನುವುದಕ್ಕಿಂತ ಒಂದು ದೊಡ್ಡ ಗುಂಡಿಯ ಮಣ್ಣಿನ ವರದಿ ಎನ್ನುವುದು ಮೇಲು.

ಅಯೋಪಮಿಡಾಲ್ ಸೇರುವುದು ಸೆಸ್ಟ್ ಎಂಬ ಇನ್ನೊಂದು ಬಗೆಗೆ. ವಾರ್ಡ್, ಅಲೆಟ್ರಾಸ್ ಮತ್ತು ಬಾಲಬನ್ 2000ನೇ ಇಸವಿಯಲ್ಲಿ ಇದನ್ನು ಮುಂದಿಟ್ಟರು. ಕಾಂಟ್ರಾಸ್ಟ್ ಅಣುವಿನ ಅಮೈಡ್ ಪ್ರೋಟಾನುಗಳು (ಸಾರಜನಕಕ್ಕೆ ಅಂಟಿಕೊಂಡ ಹೈಡ್ರೋಜನ್) ಸುತ್ತಲಿನ ನೀರಿನ ಪ್ರೋಟಾನುಗಳೊಡನೆ ಜಾಗ ಬದಲಿಸಿಕೊಳ್ಳುತ್ತಲೇ ಇರುತ್ತವೆ. ಅಮೈಡಿನ ಆವೃತ್ತಿಗೆ ಸರಿಯಾಗಿ ರೇಡಿಯೋ ಅಲೆ ಕೊಟ್ಟು ಅವುಗಳ ಸಂಕೇತವನ್ನು ಅಳಿಸಿದರೆ, ಅಳಿಸಿದ ಪ್ರೋಟಾನುಗಳು ನೀರಿಗೆ ಹೋಗಿ ಸೇರುತ್ತವೆ, ಅವುಗಳ ಜಾಗಕ್ಕೆ ಹೊಸವು ಬಂದು ಅವೂ ಅಳಿಯುತ್ತವೆ. ಕೆಲವು ಸೆಕೆಂಡು ಹೀಗೆ ನಡೆದರೆ, ಕೆಲವೇ ಮಿಲಿಮೋಲ್ ಇರುವ ವಸ್ತು ನೀರಿನ ಸಂಕೇತದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಕೆ ತರುತ್ತದೆ. ಈ ವಿನಿಮಯದ ವೇಗ ಪಿಎಚ್‌ಗೆ ತಕ್ಕಂತೆ ಬದಲಾಗುತ್ತದೆ. ಆದರೆ ಇಳಿಕೆ ಹೆಚ್ಚಾದದ್ದು ಪಿಎಚ್‌ನಿಂದಲೋ, ಅಲ್ಲಿ ಕಾಂಟ್ರಾಸ್ಟ್ ಔಷಧ ಹೆಚ್ಚು ಸೇರಿದ್ದರಿಂದಲೋ? ಅಯೋಪಮಿಡಾಲ್‌ನ ಸೊಗಸು ಇಲ್ಲಿದೆ. ಅದರಲ್ಲಿ ನೀರಿನ ಆವೃತ್ತಿಯಿಂದ 4.2 ಪಿಪಿಎಂ ಮತ್ತು 5.5 ಪಿಪಿಎಂ (ಪಿಪಿಎಂ ಎಂದರೆ ಆವೃತ್ತಿಯ ಹತ್ತು ಲಕ್ಷದಲ್ಲೊಂದು ಪಾಲು) ದೂರದಲ್ಲಿ ಎರಡು ಬಗೆಯ ಅಮೈಡ್ ಪ್ರೋಟಾನುಗಳಿವೆ, ಪಿಎಚ್‌ಗೆ ಅವು ಸ್ಪಂದಿಸುವ ರೀತಿ ಬೇರೆ ಬೇರೆ. ಎರಡೂ ಒಂದೇ ಅಣುವಿನಲ್ಲಿರುವುದರಿಂದ ಅವುಗಳ ಅನುಪಾತ ತೆಗೆದುಕೊಂಡಾಗ ಸಾಂದ್ರತೆ ಹೊಡೆದುಹೋಗಿ ಪಿಎಚ್ ಉಳಿಯುತ್ತದೆ. ಪಿಎಚ್‌ಗೆ ಸ್ಪಂದಿಸುವ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಔಷಧಗಳನ್ನು ಕಾಡಿದ್ದು ಈ ಸಾಂದ್ರತೆಯ ಸಮಸ್ಯೆಯೇ. ಅಯೋಪಮಿಡಾಲ್ ಜೀವಕೋಶದೊಳಗೆ ಹೋಗುವುದಿಲ್ಲವಾದ್ದರಿಂದ ಇದೂ ಓಣಿಯ ಸುದ್ದಿ.

ನಿಮ್ಮ 1.5 ಟೆಸ್ಲಾದ ಲೆಕ್ಕ ಮಾಡಿ ನೋಡಿ. ಎರಡು ಶಿಖರಗಳ ನಡುವೆ 1.3 ಪಿಪಿಎಂ ಅಂತರವಿದೆ. ಅದು 1.5 ಟೆಸ್ಲಾದಲ್ಲಿ ಸುಮಾರು 83 ಹರ್ಟ್ಸ್, 3ರಲ್ಲಿ 166, 7ರಲ್ಲಿ 388. 83 ಹರ್ಟ್ಸ್ ಅಂತರದಲ್ಲಿ ಎರಡೂ ಒಂದರ ಮೇಲೊಂದು ಬಿದ್ದು ಕಲೆಸಿಹೋಗುತ್ತವೆ. 3 ಟೆಸ್ಲಾದಲ್ಲಿ ಬೆರಳೆಣಿಕೆಯ ರೋಗಿಗಳ ಮೇಲೆ ಇದನ್ನು ಪ್ರಯತ್ನಿಸಿದ್ದಾರೆ. ಕಾಂಟ್ರಾಸ್ಟ್ ಬೇಡವೆಂದರೆ ದೇಹದ ಪ್ರೋಟೀನುಗಳದೇ ಅಮೈಡ್ ಬಳಸುವ ಎಪಿಟಿ ಚಿತ್ರಣವಿದೆ, ಅದರಲ್ಲೂ ಆಮ್ಲೀಯತೆ ಕಾಣುತ್ತದೆ.

ಕಬ್ಬಿನಹಾಲು, ಮುಧೋಳ

ನಾನು ವೈದ್ಯಕೀಯದವನಲ್ಲ. ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ಹಂಗಾಮು ಕಳೆದಿದ್ದೇನೆ. ಕಬ್ಬಿನ ಹಾಲು ಹುಳಿಯಾಗಿದ್ದರೆ ಸಕ್ಕರೆ ಒಡೆದು ನಷ್ಟವಾಗುತ್ತದೆಂದು ಸುಣ್ಣದ ಹಾಲು ಬೆರೆಸಿ 7ರ ಆಸುಪಾಸಿಗೆ ತರುವುದು ನಮ್ಮ ದಿನನಿತ್ಯದ ಕೆಲಸ. ಪಿಎಚ್ ಎಂದ ಕೂಡಲೇ ಕಿವಿ ನಿಮಿರುವುದು ಅದಕ್ಕೆ. ಲಂಬಕೋನ ಸರ್ ಬರೆದದ್ದನ್ನು ಓದಿ ಎರಡು ಸಂಗತಿ ಹೇಳಬೇಕೆನಿಸಿತು.

ಪಿಎಚ್‌ಗಳ ಸರಾಸರಿ ತೆಗೆಯುವುದು ಎಚ್ಚರಿಕೆಯ ಕೆಲಸ. ಚಿತ್ರದ ಒಂದು ಚೌಕದೊಳಗೆ ಅರ್ಧ ಭಾಗ 7.4, ಇನ್ನರ್ಧ 6.4 ಇದೆ ಎಂದುಕೊಳ್ಳಿ. ಥಟ್ಟನೆ 6.9 ಎನ್ನುತ್ತೇವೆ. ಆದರೆ 7.4 ಎಂದರೆ ಲೀಟರಿಗೆ 40 ನ್ಯಾನೋಮೋಲ್ ಪ್ರೋಟಾನ್, 6.4 ಎಂದರೆ 398. ಸರಾಸರಿ 219, ಅಂದರೆ ಪಿಎಚ್ 6.66. ಸೆಸ್ಟ್ ಆಗಲಿ ರಂಜಕವಾಗಲಿ ಕೊಡುವ ಅಂಕಿ ಈ ಎರಡೂ ಸರಾಸರಿಗಳಲ್ಲದೆ, ಎಲ್ಲಿ ಸಂಕೇತ ಜೋರಾಗಿದೆಯೋ ಆ ಕಡೆಗೆ ವಾಲಿದ ಮೂರನೆಯದೊಂದು ಸರಾಸರಿಯಾಗಿರಬೇಕಲ್ಲವೇ?

ಇನ್ನೊಂದು, ಔಷಧ ತಲುಪದ ಜಾಗದ ಗತಿಯೇನು? ನಮ್ಮ ಕಡೆ ಕಾಲುವೆಯ ಬಾಯಿಗಿರುವ ಹೊಲಕ್ಕೆ ನೀರು ಹೆಚ್ಚಾಗಿ ಭೂಮಿ ಸವಳು-ಜವಳು ಹಿಡಿದರೆ, ಟೇಲ್‌ಎಂಡ್ ಹೊಲಕ್ಕೆ ನೀರೇ ಬರುವುದಿಲ್ಲ. ನೀರಿನೊಡನೆ ಬಣ್ಣ ಬಿಟ್ಟು ಹೊಲಗಳ ನಕ್ಷೆ ತೆಗೆದರೆ ಕೊನೆಯ ಹೊಲ ಆ ನಕ್ಷೆಯಲ್ಲಿ ಇರುವುದೇ ಇಲ್ಲ. ರಕ್ತ ಸರಿಯಾಗಿ ಹರಿಯದ ಭಾಗವೇ ಅತಿ ಹುಳಿ ಎನ್ನುತ್ತೀರಿ. ರಕ್ತದಲ್ಲೇ ಹೋಗುವ ಔಷಧ ಅಲ್ಲಿಗೆ ಹೇಗೆ ಮುಟ್ಟಬೇಕು?

ವಿಷಯಕ್ಕೆ ಸೇರಿದ್ದೆಂದು ಇದನ್ನೂ ಕೇಳಿಬಿಡುತ್ತೇನೆ. ನಮ್ಮ ಸಂಬಂಧಿಕರೊಬ್ಬರು ಗಡ್ಡೆಯ ಹುಳಿ ತೆಗೆಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ದಿನಾ ಅಡುಗೆ ಸೋಡಾ ನೀರು ಕುಡಿಯುತ್ತಿದ್ದಾರೆ. ಸುಣ್ಣ ಹಾಕಿ ಕಬ್ಬಿನ ಹಾಲು ಸರಿಮಾಡಿದಷ್ಟು ಅದು ಸುಲಭವಿರಲಾರದು ಎಂದು ನನ್ನ ಅನಿಸಿಕೆ.

ನೆರಳುಚಿತ್ರ, ಬೆಳಗಾವಿ

ರೇಡಿಯಾಲಜಿಯಲ್ಲಿ ಹಲವು ವರ್ಷಗಳಿಂದ ಇರುವ ವೈದ್ಯೆ ನಾನು. ಲಂಬಕೋನ ಸರ್ ಅವರ ವಿವರಣೆಯನ್ನು ಒಪ್ಪುತ್ತೇನೆ, ಅವರ ಕೊನೆಯ ವಾಕ್ಯವನ್ನು ಮಾತ್ರ ಒಪ್ಪುವುದಿಲ್ಲ. ಎಪಿಟಿ ಚಿತ್ರವನ್ನು ಗಡ್ಡೆಯ ಆಮ್ಲೀಯತೆಯ ಚಿತ್ರವೆಂದು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ತಲೆಕೆಳಗಾದದ್ದನ್ನು ಕಲಿಯುತ್ತಾರೆ. ಎಪಿಟಿ ನೋಡುವುದು 3.5 ಪಿಪಿಎಂನಲ್ಲಿರುವ ಅಮೈಡ್ ಪ್ರೋಟಾನುಗಳನ್ನು, ಬಹುಪಾಲು ಜೀವಕೋಶದ ಒಳಗಿನ ಪ್ರೋಟೀನುಗಳಲ್ಲಿ. ಪಿಎಚ್ ಇಳಿದರೆ ಈ ವಿನಿಮಯ ನಿಧಾನವಾಗಿ ಸಂಕೇತ ಕುಗ್ಗುತ್ತದೆ. 2003ರಲ್ಲಿ ಇದನ್ನು ಮೊದಲು ತೋರಿಸಿದಾಗ ಪಾರ್ಶ್ವವಾಯು ಉಂಟುಮಾಡಿದ ಇಲಿಯ ಮಿದುಳಿನಲ್ಲಿ ಕಂಡದ್ದು ಇದೇ: ರಕ್ತ ನಿಂತ ಭಾಗದಲ್ಲಿ ಜೀವಕೋಶದ ಒಳಗೇ ಆಮ್ಲ ತುಂಬಿ ಸಂಕೇತ ಕುಸಿದಿತ್ತು. ಆದರೆ ಗ್ಲಿಯೋಮಾದಂತಹ ಮಿದುಳಿನ ಗಡ್ಡೆಯಲ್ಲಿ ಎಪಿಟಿ ಹೊಳೆಯುತ್ತದೆ. ಆಮ್ಲದಿಂದ ಹೊಳೆಯುವುದಾದರೆ ಪಾರ್ಶ್ವವಾಯುವಿನಲ್ಲೂ ಹೊಳೆಯಬೇಕಿತ್ತು. ಗಡ್ಡೆಯಲ್ಲಿ ಅದು ಹೊಳೆಯುವುದಕ್ಕೆ ಮುಖ್ಯ ಕಾರಣ ಪ್ರೋಟೀನುಗಳ ಹೆಚ್ಚಳ; ಒಳಗಿನ ಪಿಎಚ್ ತುಸು ಏರಿರುವುದು ಅದಕ್ಕೆ ಕೈಜೋಡಿಸಬಹುದು. ಗಡ್ಡೆಯ ಹೊರಗಿನ ಹುಳಿಯ ಬಗ್ಗೆ ಎಪಿಟಿ ನೇರವಾಗಿ ಏನನ್ನೂ ಹೇಳುವುದಿಲ್ಲ.

ಕಬ್ಬಿನಹಾಲು ಅವರ ಎರಡನೆಯ ಪ್ರಶ್ನೆ ಈ ಕ್ಷೇತ್ರದ ನೋಯುವ ಹಲ್ಲು. ಔಷಧ ಸಾಕಷ್ಟು ಸೇರದ ಚೌಕಗಳಲ್ಲಿ ಅನುಪಾತ ಲೆಕ್ಕಹಾಕಿದರೆ ಗದ್ದಲವನ್ನು (ಅರ್ಥವಿಲ್ಲದ ಏರಿಳಿತವನ್ನು) ಗದ್ದಲದಿಂದ ಭಾಗಿಸಿದಂತಾಗುವುದರಿಂದ ಅಂಥ ಚೌಕಗಳನ್ನು ಖಾಲಿ ಬಿಡುತ್ತಾರೆ. ಹೀಗಾಗಿ ಪಿಎಚ್ ನಕ್ಷೆ ನೋಡುವಾಗ ಬಣ್ಣ ತುಂಬಿದ ಭಾಗದ ಸರಾಸರಿಯನ್ನಷ್ಟೇ ಓದಬಾರದು, ಎಷ್ಟು ಭಾಗ ಖಾಲಿ ಉಳಿದಿದೆ ಎಂಬುದನ್ನೂ ಕೇಳಬೇಕು. ಚಿಕಿತ್ಸೆಯ ನಂತರ ರಕ್ತನಾಳಗಳ ಸ್ಥಿತಿ ಬದಲಾಗಿ, ಮೊದಲು ಖಾಲಿ ಇದ್ದ ಭಾಗಕ್ಕೆ ಔಷಧ ತಲುಪಿತೆಂದರೆ, ಯಾವ ಜಾಗವೂ ಹೆಚ್ಚು ಹುಳಿಯಾಗದೆಯೇ ಗಡ್ಡೆಯ ಸರಾಸರಿ ಪಿಎಚ್ ಇಳಿದಂತೆ ಕಾಣಬಹುದು. ಎರಡು ದಿನಾಂಕಗಳ ನಕ್ಷೆಗಳನ್ನು ಹೋಲಿಸುವಾಗ ಎರಡರಲ್ಲೂ ಬಣ್ಣವಿರುವ ಚೌಕಗಳನ್ನಷ್ಟೇ ಹೋಲಿಸಬೇಕೆಂದು ನಾನು ಹೇಳುವುದು ಅದಕ್ಕೇ.

ಇಂಗಾಲ-13 ಬೈಕಾರ್ಬನೇಟ್ ವಿಧಾನವನ್ನು ಯಾರೂ ಎತ್ತಲಿಲ್ಲ. 2003ರಲ್ಲಿ ಬಂದ ಹೈಪರ್‌ಪೋಲರೈಸೇಷನ್ ತಂತ್ರದಲ್ಲಿ ಸುಮಾರು ಒಂದು ಕೆಲ್ವಿನ್‌ನಷ್ಟು ಶೀತದಲ್ಲಿ ವಸ್ತುವನ್ನು ಸಿದ್ಧಪಡಿಸಿ, ಕರಗಿಸಿ, ಕೂಡಲೇ ಚುಚ್ಚುತ್ತಾರೆ. ಸಂಕೇತ ಹತ್ತು ಸಾವಿರ ಪಟ್ಟಿಗೂ ಮೀರಿ ಹೆಚ್ಚುತ್ತದೆ. 2008ರಲ್ಲಿ ಕೇಂಬ್ರಿಡ್ಜ್‌ನವರು ಇಲಿಗಳ ಲಿಂಫೋಮಾ ಗಡ್ಡೆಗಳಲ್ಲಿ ಬೈಕಾರ್ಬನೇಟ್ ಮತ್ತು ಇಂಗಾಲದ ಡೈಆಕ್ಸೈಡ್ ಎರಡರ ಸಂಕೇತಗಳ ಅನುಪಾತದಿಂದ ಪಿಎಚ್ ನಕ್ಷೆ ತೆಗೆದರು. ವೈದ್ಯರಿಗೆ ಇದರಷ್ಟು ಪರಿಚಿತವಾದ ಸಮೀಕರಣ ಬೇರೆ ಇಲ್ಲ, ರಕ್ತದ ಅನಿಲ ಪರೀಕ್ಷೆಯ (ಎಬಿಜಿ) ವರದಿಯ ಹಿಂದಿರುವುದೂ ಇದೇ. ಪಿಎಚ್ 7.4ರಲ್ಲಿ ಆ ಅನುಪಾತ ಸುಮಾರು 17ಕ್ಕೆ 1, 6.8ರಲ್ಲಿ ಸುಮಾರು 4ಕ್ಕೆ 1. ಡೈಆಕ್ಸೈಡಿನ ಪಾಲು ಹೀಗೆ ಸಣ್ಣದಾಗಿರುವುದರಿಂದ ತಪ್ಪು ನುಸುಳುವುದೂ ಅಲ್ಲಿಂದಲೇ. ದೇಹದಲ್ಲಿ ಈ ಸಂಕೇತ ಅರ್ಧ ನಿಮಿಷದೊಳಗೆ ಬಹುತೇಕ ಕರಗಿಹೋಗುತ್ತದೆ. ಉಸಿರು ಹಿಡಿದು ಓಡುವ ಪರೀಕ್ಷೆ ಅದು. ಇದೇ ತಂತ್ರದ ಪೈರುವೇಟ್ (ಗ್ಲೂಕೋಸ್ ಒಡೆದಾಗ ಬರುವ ವಸ್ತು) ಪರೀಕ್ಷೆಯ ಮನುಷ್ಯರಲ್ಲಿನ ಮೊದಲ ಅಧ್ಯಯನ, ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ, 2013ರಲ್ಲಿ ಪ್ರಕಟವಾಯಿತು. ಅದು ಅಳೆಯುವುದು ಲ್ಯಾಕ್ಟೇಟ್ ಆಗುವ ವೇಗವನ್ನು, ಪಿಎಚ್ ಅನ್ನಲ್ಲ.

ಸೋಡಾದ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. 2009ರಲ್ಲಿ ಇಲಿಗಳ ಕುಡಿಯುವ ನೀರಿಗೆ ಸೋಡಿಯಂ ಬೈಕಾರ್ಬನೇಟ್ ಬೆರೆಸಿ ಮಾಡಿದ ಪ್ರಯೋಗವೊಂದರಲ್ಲಿ ಗಡ್ಡೆಯ ಹೊರಗಿನ ಪಿಎಚ್ ಏರಿದ್ದನ್ನು ರಂಜಕ-31 ವಿಧಾನದಿಂದಲೇ ತೋರಿಸಿದ್ದರು, ರೋಗ ಹರಡುವುದೂ ಕಡಿಮೆಯಾಗಿತ್ತು. ಅದೇ ಸುದ್ದಿ ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂದಿದೆ. ಮನುಷ್ಯರಲ್ಲಿ ಅದು ಚಿಕಿತ್ಸೆಯೆಂದು ಸಾಬೀತಾಗಿಲ್ಲ. ರಕ್ತದ ಪಿಎಚ್ ಅನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರೊಳಗೆ ಹಿಡಿದಿಡುತ್ತವೆ, ಲೋಟದ ಸೋಡಾ ಅದನ್ನು ಅಲುಗಿಸುವುದಕ್ಕಿಂತ ಮೊದಲು ಸೋಡಿಯಂ ಹೊರೆಯಾಗಿ ಕುಳಿತುಕೊಳ್ಳುತ್ತದೆ. ನಿಮ್ಮ ಸಂಬಂಧಿಕರಿಗೆ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಅದು ಅಪಾಯಕಾರಿ. ದಯವಿಟ್ಟು ಅದನ್ನು ನಿಲ್ಲಿಸಲು ಹೇಳಿ, ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೂ ಇದುವರೆಗೆ ಕುಡಿದದ್ದನ್ನು ಮುಚ್ಚಿಡದೆ ತಿಳಿಸಲಿ.

ಕಬ್ಬಿನಹಾಲು, ಮುಧೋಳ

ಧನ್ಯವಾದ ಮೇಡಂ. ಇವತ್ತೇ ಸಂಜೆ ಅವರ ಮನೆಗೆ ಹೋಗಿಬರುತ್ತೇನೆ.

ಲಂಬಕೋನ, ಬೆಳಗಾವಿ

ಎಪಿಟಿ ಬಗ್ಗೆ ಮೇಡಂ ಹೇಳಿದ್ದು ಸರಿ, ನನ್ನ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸರಾಸರಿಯ ಬಗ್ಗೆ ಕಬ್ಬಿನಹಾಲು ಅವರ ಊಹೆಯೂ ಸರಿ. ಪ್ರತಿ ವಿಧಾನವೂ ತನಗೆ ಹೆಚ್ಚು ಸಂಕೇತ ಕೊಟ್ಟ ಭಾಗದ ಕಡೆಗೆ ವಾಲುತ್ತದೆ.

ಕಾಂತಸೂಜಿ, ವಿಜಯಪುರ

ಇಷ್ಟು ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ನನ್ನ ಮಾತಿನ ಕ್ರಮ ಬದಲಾಯಿಸಿದ್ದೇನೆ. ವಿಧಾನಗಳ ಪಟ್ಟಿಯಿಂದ ಶುರುಮಾಡುವ ಬದಲು ಒಂದು ಜೀವಕೋಶದ ಚಿತ್ರ ಬರೆದು, ಪ್ರತಿ ವಿಧಾನ ಬಂದಾಗಲೂ ಅದರ ಅಂಕಿಯನ್ನು ಗೆರೆಯ ಒಳಗೆ ಬರೆಯಬೇಕೋ ಹೊರಗೋ ಎಂದು ವಿದ್ಯಾರ್ಥಿಗಳನ್ನೇ ಕೇಳುತ್ತೇನೆ.

ಪ್ರಾತ್ಯಕ್ಷಿಕೆಯ ಆಸೆ ಮಾತ್ರ ಬಿಟ್ಟಿಲ್ಲ. ಅವಧಿ ಮುಗಿದ ಅಯೋಪಮಿಡಾಲ್ ಬಾಟಲಿಯೊಂದನ್ನು ಕೇಳಿ ಪಡೆದಿದ್ದೇನೆ, ಅದರ ಮೇಲೆ ಮಿಲಿಲೀಟರಿಗೆ 300 ಮಿಲಿಗ್ರಾಂ ಅಯೋಡಿನ್ ಎಂದಿದೆ. 1.5 ಟೆಸ್ಲಾದಲ್ಲಿ ಎರಡು ಶಿಖರ ಬಿಡಿಸಲು ಬಾರದಿದ್ದರೂ, ಒಂದೇ ಸಾಂದ್ರತೆಯ ಟ್ಯೂಬ್‌ಗಳಲ್ಲಿ ಪಿಎಚ್ ಬದಲಾದಂತೆ ನೀರಿನ ಸಂಕೇತ ಬದಲಾಗುವುದನ್ನಾದರೂ ತೋರಿಸಬಹುದಲ್ಲವೇ? ಎಷ್ಟು ತೆಳುವಾಗಿಸಬೇಕು?

ಲಂಬಕೋನ, ಬೆಳಗಾವಿ

ಅಷ್ಟನ್ನು ಖಂಡಿತ ತೋರಿಸಬಹುದು, ನಿಮ್ಮ ಯಂತ್ರದಲ್ಲಿ ಮ್ಯಾಗ್ನೆಟೈಸೇಷನ್ ಟ್ರಾನ್ಸ್‌ಫರ್ ಪಲ್ಸಿನ (ಚಿತ್ರ ತೆಗೆಯುವ ಮುನ್ನ ಕೊಡುವ ಸಂಕೇತ ಅಳಿಸುವ ರೇಡಿಯೋ ಅಲೆಯ) ಆವೃತ್ತಿಯನ್ನು ಬೇಕಾದಲ್ಲಿಗೆ ಸರಿಸಲು ಅವಕಾಶವಿದ್ದರೆ. ಒಂದು ಅಯೋಪಮಿಡಾಲ್ ಅಣುವಿನಲ್ಲಿ ಮೂರು ಅಯೋಡಿನ್ ಪರಮಾಣುಗಳಿವೆ. ಆ ಲೆಕ್ಕದಲ್ಲಿ ನಿಮ್ಮ ಬಾಟಲಿಯಲ್ಲಿರುವುದು ಲೀಟರಿಗೆ ಸುಮಾರು 788 ಮಿಲಿಮೋಲ್. 1 ಮಿಲಿಲೀಟರನ್ನು 26 ಮಿಲಿಲೀಟರಿಗೆ ಏರಿಸಿದರೆ 30 ಮಿಲಿಮೋಲ್ ಆಗುತ್ತದೆ, ಪ್ರಾತ್ಯಕ್ಷಿಕೆಗೆ ಅದು ಸಾಕು. ಪಿಎಚ್ 6.0, 6.4, 6.8, 7.2 ಎಂದು ನಾಲ್ಕು ಟ್ಯೂಬ್ ಮಾಡಿ, ಐದನೆಯದರಲ್ಲಿ ಔಷಧವಿಲ್ಲದ ಬಫರ್ (ಪಿಎಚ್ ಕದಲದಂತೆ ಹಿಡಿದಿಡುವ ದ್ರಾವಣ) ಮಾತ್ರ ಇರಲಿ. ಎಲ್ಲದರಲ್ಲೂ ಒಂದೇ ಬಫರ್, ಒಂದೇ ಪ್ರಮಾಣದಲ್ಲಿರಬೇಕು, ಏಕೆಂದರೆ ಬಫರಿನ ಲವಣಗಳೂ ವಿನಿಮಯದ ವೇಗವನ್ನು ಬದಲಿಸಬಲ್ಲವು. ಔಷಧ ಬೆರೆಸಿದ ಮೇಲೆ ಪಿಎಚ್ ಮೀಟರಿನಲ್ಲಿ ಮತ್ತೊಮ್ಮೆ ಅಳೆದು ಆ ಅಂಕಿಯನ್ನೇ ಟ್ಯೂಬಿನ ಮೇಲೆ ಬರೆಯಿರಿ.

4.2 ಪಿಪಿಎಂ ಎಂದರೆ ನಿಮ್ಮಲ್ಲಿ ನೀರಿನಿಂದ ಸುಮಾರು 268 ಹರ್ಟ್ಸ್. ನೀರಿನ ಎರಡೂ ಬದಿಗೆ, ಅಂದರೆ +268 ಮತ್ತು −268ರಲ್ಲಿ, ಒಂದೊಂದು ಚಿತ್ರ ತೆಗೆದು ಕಳೆಯಿರಿ. ನೇರವಾಗಿ ನೀರಿಗೇ ತಗಲುವ ಪರಿಣಾಮ ಎರಡರಲ್ಲೂ ಸಮವಾಗಿರುವುದರಿಂದ ಅದು ಹೋಗಿ ಅಮೈಡಿನದು ಉಳಿಯುತ್ತದೆ. ಟ್ಯೂಬ್‌ಗಳ ನಡುವೆ ಗಾಳಿ ಬಿಟ್ಟರೆ ಕಾಂತಕ್ಷೇತ್ರ ಅಲ್ಲಲ್ಲಿ ಕದಲಿ ಈ ಸಮತೋಲನವೇ ತಪ್ಪುತ್ತದೆ, ಆದ್ದರಿಂದ ಅವನ್ನು ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸಿಡಿ. ನೀರನ್ನು ಮೊದಲೇ 37 ಡಿಗ್ರಿಗೆ ತಂದಿಡಿ. ಸ್ಕ್ಯಾನ್ ಕೋಣೆಯ ಎಸಿಯಲ್ಲಿ ಅದು ಬೇಗ ತಣ್ಣಗಾಗುತ್ತದೆ, ವಿನಿಮಯದ ವೇಗವೂ ಜೊತೆಗೇ ಇಳಿಯುತ್ತದೆ. ಮೊದಲ ಟ್ಯೂಬಿನ ಚಿತ್ರವನ್ನು ಕೊನೆಯಲ್ಲಿ ಇನ್ನೊಮ್ಮೆ ತೆಗೆದು ಹೋಲಿಸಿದರೆ ಎಷ್ಟು ಇಳಿದಿದೆ ಎಂಬುದು ನಿಮಗೇ ಕಾಣುತ್ತದೆ.